ಕಂಬಳಿ ಹೊದ್ದ ಹದಿನಾಲ್ಕು ಕಾರುಗಳು

ಬೆಳಗಿನ ಒಂಬತ್ತು ಗಂಟೆಗೆ, ಸನಮಡಿ ಫಾಟಾದ ಕವಲುದಾರಿಯ ಹತ್ತಿರ, ಮಲಕವ್ವ ರಸ್ತೆಯ ನಟ್ಟನಡುವೆ ನಿಂತು ಒಂದು ಬಿಳಿಯ ಕಾರನ್ನು ತಡೆದಳು. ಕೈಮಾಡಿ ತಡೆದಳೆಂದರೆ ತಪ್ಪಾದೀತು. ಅವಳ ಕೈಯಲ್ಲಿ ಗೇಣುದ್ದದ ಕತ್ತರಿಯಿತ್ತು. ಅದನ್ನು ಎತ್ತಿ ಹಿಡಿದು ತಡೆದಳು. ಕಾರು ಕಿರುಗುಟ್ಟುತ್ತ ಬಂದು ಅವಳಿಂದ ಎರಡು ಮಾರು ದೂರದಲ್ಲಿ ನಿಂತಿತು. ಒಳಗಿದ್ದ ದತ್ತಾ ಗಾಜು ಇಳಿಸಿ ತಲೆ ಹೊರಗೆ ಹಾಕಿದನು.

"ಅತ್ತೀ, ಸಾಯಾಕ ನನ್ನ ಗಾಡೀನ ಬೇಕಾಗಿತ್ತೇನ್ರಿ ನಿಮಗ?"

"ಸಾಯಾಂವ ನೀನು, ನಾನಲ್ಲ. ಇಳಿ ಕೆಳಗ. ಸೀಟಿನ ಮ್ಯಾಲಿನ ಕಂಬಳಿ ಕತ್ತರಸೂದೈತಿ."

"ಏನಂದ್ರಿ?"

"ಕಿವಿಗೂ ಕಂಬಳಿ ಹೊಚ್ಚೀಯೇನು? ಬೆಲ್ಟಿನ ಲಾಕು ಒಳಗ ಮುಚ್ಚಿ ಹೋಗೈತಿ. ನಾಕ ಬೆರಳಷ್ಟು ಕತ್ತರಿಸಿ ಹೊರಗ ತಗೀತೀನಿ. ಅರ್ಧಾ ತಾಸಿನ ಕೆಲಸ."

ದತ್ತಾ ಮೊದಲು ನಕ್ಕನು. ಆಮೇಲೆ ಅವಳ ಮುಖ ನೋಡಿ ನಗೆಯನ್ನು ನುಂಗಿದನು. "ಕಂಬಳಿಗೆ ಕತ್ತರಿ ಹಚ್ಚಬಾರದು, ಮನಿಗೆ ಚಲೋ ಅಲ್ಲ ಅಂತ ಹೇಳಿದವ್ರು ಯಾರ್ರಿ? ನೀವ ಅಲ್ಲೇನು? ನಮ್ಮವ್ವ ನೋಡಿದ್ರ ನನ್ನ ಹೊರಗ ಹಾಕ್ತಾಳ್ರಿ. ಮೊದಲ ಬಾಲಗಾಂವದ ರೇವಪ್ಪಕಾಕಾನ ಗಾಡೀದು ಕತ್ತರಿಸಿ ಬರ್ರಿ. ಕಾಕಾ ಹೂಂ ಅಂದ್ರ ನಾನೂ ಹೂಂ."

ಅಷ್ಟು ಹೇಳಿ ಅವನು ಕಾರನ್ನು ಹಿಂದಕ್ಕೆ ಸರಿಸಿ, ಅವಳ ಮಗ್ಗುಲಿನಿಂದ ಹಾಯಿಸಿಕೊಂಡು ಹೊರಟೇಹೋದನು. ಹಿಂದಿನಿಂದ ಮಲಕವ್ವ ಕೂಗಿ ಹೇಳಿದ ಮಾತುಗಳು ಇಲ್ಲಿ ಬರೆಯುವಂಥವಲ್ಲ.

"ರೇವಪ್ಪಕಾಕಾ ಹೂಂ ಅಂದ್ರ" ಎಂಬ ಮಾತನ್ನು ಆ ವಾರದಲ್ಲಿ ಅವಳು ಕೇಳಿದ್ದು ಅದು ಆರನೆಯ ಸಲ. ಜತ್ತ ತಾಲೂಕಿನಲ್ಲಿ ಕಂಬಳಿಯ ಸೀಟುಗಳಿರುವ ಕಾರುಗಳು ಹದಿನಾಲ್ಕು. ಹದಿನಾಲ್ಕರಲ್ಲಿಯೂ ಇದ್ದದ್ದು ಅವಳದೇ ಕೈಯ ಹೊಲಿಗೆ. ಅವುಗಳ ಪೈಕಿ ಒಂದರಲ್ಲಿ ಕುಳಿತಿದ್ದ ಅವಳ ಸ್ವಂತ ಮಗಳು ದೀಪಾಲಿ ಈಗ ದವಡೆಗೆ ತಂತಿ ಕಟ್ಟಿಸಿಕೊಂಡು ಮಿರಜಿನ ದವಾಖಾನೆಯಲ್ಲಿ ಮಲಗಿದ್ದಳು. ಉಳಿದ ಹದಿಮೂರು ಕಾರುಗಳು ದಿನವೂ ಮಂದಿಯನ್ನು ಕೂಡಿಸಿಕೊಂಡು ರಸ್ತೆಯ ಮೇಲೆ ಓಡುತ್ತಿದ್ದವು. ಇನ್ನೊಬ್ಬರ ಮುಖ ಒಡೆಯುವುದರೊಳಗೆ ಆ ಹದಿಮೂರನ್ನೂ ಸರಿಪಡಿಸಬೇಕು ಎಂಬುದೊಂದೇ ಅವಳ ತಲೆಯಲ್ಲಿ ಕುಳಿತಿತ್ತು. ಆದರೆ ಒಬ್ಬನೂ ಕಂಬಳಿ ಮುಟ್ಟಗೊಡುತ್ತಿರಲಿಲ್ಲ.

ಮಲಕವ್ವನಿಗೆ ಸಿಟ್ಟು ಹೊಸದಲ್ಲ. ಅವಳ ತೌರು ಕುಣಿಕೋಣೂರ. ಅಲ್ಲಿಯ ಕನ್ನಡ ಸಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಕಲಿತಳು. ಲೆಕ್ಕ ಅಷ್ಟಕ್ಕಷ್ಟೆ, ಆದರೆ ಕೈಯಲ್ಲಿ ಸೂಜಿ ಮಾತ್ರ ಮಾತಾಡುತ್ತಿತ್ತು. ಇಡೀ ವರ್ಗದ ಹರಿದ ಪಾಟೀಚೀಲಗಳನ್ನು ಅವಳೇ ಹೊಲಿದು ಕೊಡುತ್ತಿದ್ದಳು. ಒಮ್ಮೆ ಒಬ್ಬ ಹುಡುಗ ಅವಳು ಹೊಲಿದ ಚೀಲವನ್ನು ಬೇಕೆಂದೇ ಎಳೆದು ಹರಿದು, "ನಿನ್ನ ಹೊಲಿಗಿ ಗಟ್ಟಿಲ್ಲ" ಎಂದನು. ಅವಳು ಮಾತಾಡದೆ ಅದನ್ನು ಮತ್ತೆ ಹೊಲಿದಳು. ಅದರ ತುಂಬ ಕಲ್ಲು ತುಂಬಿ ಅವನ ಕೊರಳಿಗೆ ಹಾಕಿ, ಮೂರು ಸುತ್ತು ಸಾಲೆಯನ್ನು ಸುತ್ತಿಸಿದಳು. ಹೊಲಿಗೆ ಬಿಚ್ಚಲಿಲ್ಲ. ಮಾಸ್ತರರು ನಗುವನ್ನು ತಡೆದುಕೊಂಡು ಇಬ್ಬರಿಗೂ ಒಂದೊಂದು ಛಡಿಯ ಏಟು ಕೊಟ್ಟರು.

ಹದಿನೇಳಕ್ಕೆ ಸನಮಡಿಯ ಗುರಪ್ಪನಿಗೆ ಕೊಟ್ಟು ಲಗ್ನ ಮಾಡಿದರು. ಗುರಪ್ಪನದು ಕುರಿಯ ಮನೆತನ. ಅವನು ದಿನವೆಲ್ಲ ಕುರಿಗಳೊಡನೆ ಮಾತಾಡಿ ಬರುತ್ತಿದ್ದುದರಿಂದ ಮನೆಯಲ್ಲಿ ಅವನಿಗೆ ಮಾತು ಸಾಲುತ್ತಿರಲಿಲ್ಲ. ಸಾಲದಿದ್ದುದೇ ಒಳ್ಳೆಯದಾಯಿತೆಂದು ನೆರೆಯವರು ಹೇಳುತ್ತಿದ್ದರು. ಮಲಕವ್ವ ಜತ್ತದಲ್ಲಿ ಒಂದು ತಗಡಿನ ದುಕಾನು ಹಿಡಿದು ತಾಡಪತ್ರಿ ಹೊಲಿಯತೊಡಗಿದಳು. ಆಮೇಲೆ ವಡಾಪದ ಸೀಟುಗಳನ್ನು ಹೊಲಿದಳು. ಊರಿಂದೂರಿಗೆ ಮಂದಿಯನ್ನು ಹೇರಿಕೊಂಡು ಓಡುವ ಜೀಪುಗಳಿಗೆ ಆ ಕಡೆಗೆ ವಡಾಪವೆನ್ನುತ್ತಾರೆ. ಒಬ್ಬ ವಡಾಪದವನು ಬಂದು, ಬೆನ್ನಿನ ಸ್ಪಂಜನ್ನು ತೆಳ್ಳಗೆ ಮಾಡಿ ಸೀಟನ್ನು ಹಿಂದಕ್ಕೆ ತಳ್ಳಿಕೊಡು, ಇನ್ನೊಬ್ಬರು ಕೂಡುತ್ತಾರೆ ಎಂದಾಗ, "ಇನ್ನೊಬ್ರನ್ನ ನಿನ್ನ ತಲಿ ಮ್ಯಾಲ ಕುಂಡ್ರಿಸ್ಕೊ. ಅಲ್ಲೂ ಒಳಗ ಬರೇ ಸ್ಪಂಜ ಐತಿ" ಎಂದು ಕಳಿಸಿದಳು. ಆ ಮಾತು ಸ್ಟ್ಯಾಂಡಿನ ತುಂಬ ಹಬ್ಬಿತು. ಮಂದಿ ಅವಳಿಗೆ ಹೆದರುತ್ತಿದ್ದರು. ಹೆದರಿಯೂ ಅವಳಲ್ಲಿಗೇ ಬರುತ್ತಿದ್ದರು. ಮೂವತ್ತು ವರ್ಷಗಳಲ್ಲಿ ಅವಳ ಹೊಲಿಗೆ ಬಿಟ್ಟಿತೆಂದು ಒಬ್ಬನೂ ಮರಳಿ ಬಂದಿರಲಿಲ್ಲ.

ಕಂಬಳಿಯ ಸೀಟು ಶುರುವಾದದ್ದು ನಾಲ್ಕು ವರ್ಷಗಳ ಹಿಂದೆ, ಬಾಲಗಾಂವದ ರೇವಪ್ಪನಿಂದ. ರೇವಪ್ಪ ಕುರಿಯ ವ್ಯಾಪಾರದಲ್ಲಿ ಹೆಸರಾದವನು, ನಾಲ್ಕು ಊರಿನ ಮಂದಿ ಮಾತು ಕೇಳುವ ಹಿರಿಯ. ಹೊಸ ಕಾರು ಕೊಂಡಿದ್ದನು. ಅದರ ರೆಗ್ಝಿನ್ನಿನ ಸೀಟು ಬೇಸಿಗೆಯಲ್ಲಿ ಕಾದ ಹಂಚಾಗುತ್ತಿತ್ತು. ಅವನು ಮೂರು ಕರಿಯ ಕಂಬಳಿಗಳನ್ನು ಹೆಗಲ ಮೇಲೆ ಹಾಕಿಕೊಂಡು ಬಂದು, "ಮಲಕವ್ವಾ, ಬೀರದೇವರ ಗುಡ್ಯಾಗ ಭಂಡಾರ ಹಚ್ಚಿ ಕೊಟ್ಟ ಕಂಬಳಿ ಇವು. ನನ್ನ ಗಾಡ್ಯಾಗ ಇದರ ಮ್ಯಾಲ ಕುಂದ್ರಬೇಕಂತ ಆಸೆ ಐತಿ. ಹೆಂಗ ಮಾಡತಿ ನೋಡು" ಎಂದನು.

ಅವಳ ತೌರಿನಲ್ಲಿ ಕಂಬಳಿಗೆ ಕತ್ತರಿ ಮುಟ್ಟಿಸುತ್ತಿರಲಿಲ್ಲ. ಹರಿದರೆ ತೇಪೆ ಹಾಕುತ್ತಿದ್ದರು, ತೇಪೆಯೂ ಹರಿದರೆ ಹಟ್ಟಿಯಲ್ಲಿ ಮರಿಗಳಿಗೆ ಹಾಸುತ್ತಿದ್ದರು. ಕತ್ತರಿಸುವುದು ಮಾತ್ರ ಇಲ್ಲ. ಅವ್ವ ಹಾಕಿಕೊಟ್ಟ ಆ ಕಟ್ಟಳೆಯನ್ನು ಮಲಕವ್ವ ರೇವಪ್ಪನಿಗೂ ಹೇಳಿದಳು. ಕಂಬಳಿಯನ್ನು ಇಡಿಯಾಗಿಯೇ ಸೀಟಿನ ಮೇಲಿಳಿಬಿಟ್ಟು, ಮಡಿಕೆ ಹಾಕಿ, ಕೆಳಗಿನಿಂದ ಎಳೆದು ಬಿಗಿದು ದಬ್ಬಣದಲ್ಲಿ ಟಾಕು ಹಾಕಿದಳು. ಕಂಬಳಿಯ ಕೆಂಪು ಅಂಚು ತಲೆ ಆನಿಸುವ ಜಾಗದಲ್ಲಿ ಬರುವಂತೆ ಕೂಡಿಸಿದಳು. ಎರಡು ಸೀಟುಗಳ ನಡುವಿನ ಸಂದನ್ನೂ ಕಂಬಳಿ ಮುಚ್ಚಿತು. ಕಾರಿನೊಳಗೆ ಬಗ್ಗಿ ನೋಡಿದರೆ ಯಾವುದೋ ಸಂಸ್ಥಾನದವರ ಬೈಠಕ್ಕಿನಂತೆ ಕಾಣುತ್ತಿತ್ತು.

ಆ ಸಂದಿನಲ್ಲಿಯೇ ಬೆಲ್ಟಿನ ಲಾಕು ಇತ್ತು. ಅದೂ ಮುಚ್ಚಿಹೋಯಿತು. ರೇವಪ್ಪ, "ಹೋಗ್ಲಿ ಬಿಡವಾ, ಅದನ್ನ ಯಾರ ಹಾಕ್ತಾರ" ಎಂದನು. ಆದರೆ ಕಾರು ಸುಮ್ಮನಿರಲಿಲ್ಲ. ಚಾಲೂ ಮಾಡಿದ ಕೂಡಲೇ ಬೆಲ್ಟ್ ಹಾಕಿಲ್ಲವೆಂದು ಟಿಂವ್ ಟಿಂವ್ ಎಂದು ಒದರತೊಡಗಿತು. ಮಗ್ಗುಲ ದುಕಾನಿನ ತುಕಾರಾಮ ಓಡಿ ಬಂದನು. ಹಾರ್ನು, ಬಣ್ಣದ ದೀಪ, ಗಾಜಿಗೆ ಹಚ್ಚುವ ಕರಿಯ ಹಾಳೆ, ಅಗಲ ಗಾಲಿ, ಹೀಗೆ ಕಾರಿನ ಸಿಂಗಾರದ ಸಾಮಾನುಗಳನ್ನೆಲ್ಲ ಮಾರುವವನು ಅವನು. ಬೆಲ್ಟಿನ ನಾಲಗೆಯಂತಹದೇ ಒಂದು ಕಬ್ಬಿಣದ ಕ್ಲಿಪ್ಪನ್ನು ತಂದು ಲಾಕಿನಲ್ಲಿ ಟಕ್ಕೆಂದು ಸಿಗಿಸಿದನು. ಬೆಲ್ಟ್ ಹಾಕಿದ್ದಾರೆಂದು ತಿಳಿದು ಕಾರು ಬಾಯಿ ಮುಚ್ಚಿತು. ಅದರ ಮೇಲೆ ಮಲಕವ್ವ ಕಂಬಳಿ ಎಳೆದಳು. ಎಲ್ಲರಿಗೂ ಸಂತೋಷವಾಯಿತು.

ರೇವಪ್ಪನ ಗಾಡಿಯ ಫೋಟೋ ಎಲ್ಲರ ಮೊಬೈಲುಗಳಿಗೂ ಹೋಯಿತು. ಒಬ್ಬರಾದ ಮೇಲೊಬ್ಬರು ತಮ್ಮ ಮನೆಯ ಕಂಬಳಿ ಹೊತ್ತು ಬಂದರು. ತುಕಾರಾಮ ಕ್ಲಿಪ್ಪು ಸಿಗಿಸುವುದು, ಮಲಕವ್ವ ಕಂಬಳಿ ಎಳೆಯುವುದು, ಇದೇ ರೂಢಿಯಾಯಿತು. ಹದಿನಾಲ್ಕನೆಯದು ಮಲ್ಲುವಿನ ಕಾರು. ಮಲ್ಲು ಅವಳ ಅಣ್ಣನ ಮಗ, ದೀಪಾಲಿಯ ಗಂಡ. ಆ ಕಾರಿಗೆ ಮಲಕವ್ವ ತಾನೇ ಕಂಬಳಿ ತಂದು, ಮಗಳಿಗೆ ಉಡುಗೊರೆಯೆಂದು ಎಲ್ಲಕ್ಕಿಂತ ಬಿಗಿಯಾಗಿ, ಎಲ್ಲಕ್ಕಿಂತ ಚಂದವಾಗಿ ಹೊಲಿದುಕೊಟ್ಟಳು.

ಹೋದ ಗುರುವಾರ ದೀಪಾಲಿ ಮತ್ತು ಮಲ್ಲು ಒಂದು ತೊಟ್ಟಿಲ ಕಾರ್ಯಕ್ಕೆ ಹೊರಟಿದ್ದರು. ಜತ್ತದ ರಸ್ತೆಯಲ್ಲಿ ಮುಂದಿನ ಮೋಟರ್ ಸೈಕಲ್ಲಿನವನು ಕೈಮಾಡದೆ ಒಮ್ಮೆಲೇ ಬಲಕ್ಕೆ ಹೊರಳಿದನು. ಮಲ್ಲು ಬ್ರೇಕು ಒತ್ತಿ ಗಾಡಿಯನ್ನು ಎಡಕ್ಕೆ ತಿರುವಿದನು. ಮುಂದಿನ ಗಾಲಿ ಕಾಲುವೆಯಲ್ಲಿ ಇಳಿಯಿತು. ಅಷ್ಟೇ. ಕಾರಿಗೆ ಒಂದು ಗೀರು ಕೂಡ ಬೀಳಲಿಲ್ಲ. ಸ್ಟೇರಿಂಗ್ ಹಿಡಿದು ಕುಳಿತಿದ್ದ ಮಲ್ಲುವಿಗೂ ಏನೂ ಆಗಲಿಲ್ಲ. ದೀಪಾಲಿಯ ಮುಖ ಮಾತ್ರ ಮುಂದಿನ ಹಲಗೆಗೆ ಅಪ್ಪಳಿಸಿತು. ದವಡೆ ಎರಡು ಕಡೆ ಮುರಿಯಿತು; ಮುಂದಿನ ಮೂರು ಹಲ್ಲು ಹೋದವು.

ಮಲಕವ್ವ ದವಾಖಾನೆ ಮುಟ್ಟಿದಾಗ ಮಗಳಿಗೆ ಬಾಯಿ ತೆರೆಯಲು ಬರುತ್ತಿರಲಿಲ್ಲ. ಕಣ್ಣುಗಳಷ್ಟೇ ಮಾತಾಡುತ್ತಿದ್ದವು. ಮಲಕವ್ವನ ದುಃಖ ಮೊದಲು ಸಿಟ್ಟಿನ ರೂಪದಲ್ಲಿಯೇ ಹೊರಬೀಳುವುದು ವಾಡಿಕೆ. "ಬೆಲ್ಟ್ ಯಾಕ ಹಾಕ್ಕೊಂಡಿಲ್ಲ? ಸಾಲಿ ಕಲತ ಏನ ಸುಟ್ಟಿ? ಗಾಡ್ಯಾಗ ಕುಂತ ಕೂಡಲೇ ಹಾಕ್ಕೋಬೇಕಂತ ಗೊತ್ತಾಗೂದುಲ್ಲ?" ಎಂದು ಒದರಿದಳು. ದೀಪಾಲಿ ಕೈಸನ್ನೆಯಿಂದ ಕಾಗದ ಕೇಳಿ ಬರೆದಳು. ಮಲಕವ್ವ ಒಂದೊಂದೇ ಅಕ್ಷರ ಕೂಡಿಸಿ ಓದಿದಳು.

"ಬೆಲ್ಟ್ ಜಗ್ಗಿ ಕೈಯಾಗ ಹಿಡಕೊಂಡಿದ್ನಿ ಅವ್ವಾ. ಕಂಬಳಿ ಕೆಳಗ ಲಾಕು ಹುಡುಕಾಕತ್ತಿದ್ನಿ. ಸಿಗಲಿಲ್ಲ."

ಮಲಕವ್ವ ಆ ಕಾಗದವನ್ನು ಎರಡು ಸಲ ಓದಿದಳು. ಹೊರಗೆ ಬಂದು, ಬಾಗಿಲಲ್ಲಿ ಕುಳಿತಿದ್ದ ಅಳಿಯನ ಮೇಲೆ ಹರಿಹಾಯ್ದಳು. "ಹೆಣ್ತಿ ಲಾಕು ಹುಡುಕೂದು ಕಾಣ್ತಿತ್ತಿಲ್ಲೋ ನಿನಗ? ಗಾಡಿ ನಿಂದರಸಾಕ ಏನಾಗಿತ್ತು ಧಾಡಿ?"

ಮಲ್ಲು ತಲೆ ಎತ್ತಲಿಲ್ಲ. "ನಿಂದರಿಸಿದ್ರೂ ಸಿಗತಿದ್ದಿಲ್ಲರಿ ಅತ್ತೀ. ನೀವು ಭಾಳ ಬಿಗಿ ಹೊಲದಿದ್ರಿ" ಎಂದನು. ಅವನು ಚುಚ್ಚಬೇಕೆಂದು ಆಡಿದ ಮಾತಲ್ಲ ಅದು. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದನು. ಅದಕ್ಕೇ ಅದು ನೇರವಾಗಿ ಹೋಗಿ ನಾಟಿತು. ಮೂವತ್ತು ವರ್ಷ ಅವಳು ತನ್ನ ಹೊಲಿಗೆ ಗಟ್ಟಿಯೆಂದು ಹೊಗಳಿಸಿಕೊಂಡಿದ್ದಳು. ಆ ಗಟ್ಟಿತನವೇ ಮಗಳ ಬೆರಳುಗಳನ್ನು ತಡೆದಿತ್ತು.

ಮರುದಿನ ಜತ್ತಕ್ಕೆ ಮರಳಿದವಳು ತನ್ನ ದುಕಾನಿನ ಕೀಲಿ ತೆಗೆಯಲಿಲ್ಲ. ನೇರವಾಗಿ ತುಕಾರಾಮನ ದುಕಾನಿಗೆ ನುಗ್ಗಿ, ಗಾಜಿನ ಪೆಟ್ಟಿಗೆಯಲ್ಲಿದ್ದ ಕ್ಲಿಪ್ಪುಗಳನ್ನೆಲ್ಲ ಸೆರಗಿನಲ್ಲಿ ಬಾಚಿಕೊಂಡಳು.

"ಅಕ್ಕಾ, ಏ ಅಕ್ಕಾ! ಏನ ನಡಸೀರಿ ಇದು? ಗಿರಾಕಿ ಕೇಳ್ತಾರ, ನಾ ಕೊಡ್ತೀನಿ. ನಾ ಮಾರದಿದ್ರ ಮತ್ತೊಬ್ಬಾಂವ ಮಾರ್ತಾನ."

"ಮತ್ತೊಬ್ಬಾಂವ ಮಾರಲಿ, ಅವನ ದುಕಾನಕ್ಕೂ ಹೋಗ್ತೀನಿ. ಪಾಪ, ಗಾಡಿ ಒದರತಿತ್ತೋ ತುಕಾರಾಮಾ. ಜೀಂವ ಇಲ್ಲದ ಗಾಡಿಗೆ ಗೊತ್ತಿತ್ತು, ನಮಗ ಗೊತ್ತಾಗಲಿಲ್ಲ. ನೀ ಅದರ ಬಾಯಿ ಮುಚ್ಚಿದಿ, ನಾ ಅದರ ಮ್ಯಾಲ ಹೊಚ್ಚಿದ್ನಿ. ಹೆಣಕ್ಕ ಮಾಡಿದಂಗ ಮಾಡಿದ್ವಿ ಇಬ್ಬರೂ ಕೂಡಿ."

"ಬಿಡ್ತು ಅನ್ನರಿ ಅಕ್ಕಾ. ದೀಪಾಲಿ ಆರಾಮ ಆಗ್ತಾಳ."

"ಆಗ್ತಾಳ. ನಿನ್ನ ಹದಿಮೂರು ಗಿರಾಕಿ ಏನ ಆಗ್ತಾರ?"

ಅವಳು ಕ್ಲಿಪ್ಪುಗಳನ್ನು ಗುಜರಿಯವನ ಗಾಡಿಗೆ ಸುರಿದು ಬಂದಳು. ತಿರುಗಿ ಬಂದಾಗ ಅವನು, "ಮಂದಿಗೆ ಗಾಡಿ ಚಂದ ಕಾಣಬೇಕಲ್ರಿ ಅಕ್ಕಾ, ಅದ ತಪ್ಪೇನು?" ಎಂದು ಮೆಲ್ಲಗೆ ಕೇಳಿದನು. "ಚಂದ ಮಾಡಬ್ಯಾಡ ಅಂತ ಯಾರ ಅಂದ್ರು? ಮಕಾ ಒಡದ ಮ್ಯಾಲ ಚಂದ ಯಾರಿಗೆ ತೋರಸ್ತಿ?" ಎಂದು ಅವಳು ತನ್ನ ದುಕಾನಿನಿಂದ ಕತ್ತರಿ ಎತ್ತಿಕೊಂಡು ಹೊರಟಳು.

ಆ ದಿನದಿಂದ ಅವಳು ಒಂದೊಂದೇ ಕಾರನ್ನು ಹುಡುಕುತ್ತ ನಡೆದಳು. ಒಬ್ಬನು ದೇವರ ಕಂಬಳಿಯೆಂದನು. ಒಬ್ಬನು ಮುತ್ತ್ಯಾನ ಕಂಬಳಿ, ಕತ್ತರಿಸಿದರೆ ಮನೆಯಲ್ಲಿ ಸಾವಾಗುತ್ತದೆಂದನು. ಇನ್ನೊಬ್ಬನು ಬಾಗಿಲನ್ನೇ ತೆರೆಯಲಿಲ್ಲ. ಎಲ್ಲರೂ ಕೊನೆಗೆ ಬೆರಳು ತೋರಿಸಿದ್ದು ರೇವಪ್ಪನ ಕಡೆಗೆ. ಅವನದೇ ಮೊದಲ ಗಾಡಿ, ಅವನು ಹಿರಿಯ. ಅವನು ಒಪ್ಪಿದರೆ ತಮ್ಮ ಮೇಲೆ ದೋಷವಿಲ್ಲ.

ದತ್ತಾ ತಪ್ಪಿಸಿಕೊಂಡು ಹೋದ ಆ ದಿನವೇ ಅವಳು ಗುರಪ್ಪನ ಮೋಟರ್ ಸೈಕಲ್ಲಿನ ಹಿಂದೆ ಕುಳಿತು ಬಾಲಗಾಂವಕ್ಕೆ ಹೊರಟಳು. ದಾರಿಯಲ್ಲಿ ಗುರಪ್ಪ, "ಇಷ್ಟ ಸಿಟ್ಟಿನ್ಯಾಗ ಹ್ವಾದ್ರ ಕಂಬಳಿ ಬಿಟ್ಟು ರೇವಪ್ಪನ ಕಿವಿ ಕತ್ತರಸ್ತಿ" ಎಂದನು.

"ಹೋಗಲಿ. ಹೆಂಗೂ ಆ ಕಿವಿ ಉಪಯೋಗಿಲ್ಲ."

ರೇವಪ್ಪನ ಮನೆಯ ಮುಂದೆ ಕಾರು ತೊಳೆದು ನಿಂತಿತ್ತು. ರೇವಪ್ಪ ಹೊಸ ಧೋತರ ಉಟ್ಟು ಪಟಕಾ ಸುತ್ತಿದ್ದನು. ಅವನ ಹೆಂಡತಿ ಕಾಳವ್ವ ಇಳಕಲ್ಲ ಸೀರೆ ಉಟ್ಟು ಕಟ್ಟೆಯ ಮೇಲೆ ಕುಳಿತಿದ್ದಳು. ಇಬ್ಬರೂ ಒಂದು ಲಗ್ನಕ್ಕೆ ಹೊರಟಿದ್ದರು.

"ಬರ್ರಿ, ಬರ್ರಿ ಗುರಪ್ಪಾ. ಕುಂದ್ರವಾ ಮಲಕವ್ವಾ. ದೀಪಾಲಿ ಹೆಂಗ ಅದಾಳ?"

"ಗಂಜಿ ಕುಡ್ಯಾಕತ್ತಾಳ, ಸಣ್ಣ ನಳಗೀಲೆ. ಕುಂದರೂದುಲ್ಲರಿ ಕಾಕಾ, ನಿಮ್ಮ ಗಾಡಿ ಬಾಗಲಾ ತಗೀರಿ."

ಸುದ್ದಿ ಅವನಿಗೂ ಮುಟ್ಟಿತ್ತು. ಅವನು ಗಂಟಲು ಸರಿಪಡಿಸಿಕೊಂಡು, ಹಿರಿಯರು ನ್ಯಾಯ ಹೇಳುವ ದನಿಯಲ್ಲಿ ಶುರುಮಾಡಿದನು. "ನೋಡವಾ, ನಿನಗ ಸಂಕಟ ಆಗೈತಿ, ತಿಳೀತೈತಿ. ಆದರ ಇದು ದೇವರ ಗುಡೀದು. ಕಂಬಳಿಗೆ ಕತ್ತರಿ ಹಚ್ಚಬಾರದಂತ ನೀನ ನನಗ ಹೇಳೀದಿ."

"ಹೇಳಿದ್ನಿ. ತಪ್ಪ ಹೇಳಿದ್ನಿ."

"ನಿಮ್ಮವ್ವ ನಿನಗ ಹೇಳಿದ್ಲಲ್ಲ? ಆಕೀನೂ ತಪ್ಪ ಹೇಳಿದ್ಲೇನು?"

"ನಮ್ಮವ್ವ ಕಂಬಳಿ ಹೊಚ್ಚಿಕೊಂಡು ಮಲಗತಿದ್ಲು. ಅದರ ಮ್ಯಾಲ ಕುಂತು ತಾಸಿಗೆ ಎಂಬತ್ತು ಕಿಲೋಮೀಟರ ಓಡತಿದ್ದಿಲ್ಲ."

ಕಾಳವ್ವ ಸೆರಗಿನಲ್ಲಿ ನಕ್ಕಳು. ರೇವಪ್ಪನಿಗೆ ಆ ನಗೆ ಹಿಡಿಸಲಿಲ್ಲ. ಎದ್ದುಹೋಗಿ ಕಾರಿನ ಬಾಗಿಲು ತೆರೆದು, ಸ್ಟೇರಿಂಗಿನ ಮುಂದೆ ಅಡ್ಡಾಗಿ ಕುಳಿತು, ಎರಡೂ ಕೈಗಳನ್ನು ಕಂಬಳಿಯ ಮೇಲೆ ಊರಿದನು. "ಕತ್ತರಸಬೇಕಂದ್ರ ಮೊದಲ ನನ್ನ ಕತ್ತರಸು. ನಾಕ ಊರಿಗೆ ನ್ಯಾಯ ಹೇಳಾಂವ ನಾನು, ದೇವರ ಕಂಬಳಿ ಹರಿಸಿದಾ ಅನ್ನಿಸ್ಕೊಳ್ಳೂದುಲ್ಲ."

ಮಲಕವ್ವ ಕತ್ತರಿಯನ್ನು ಗುರಪ್ಪನ ಕೈಗೆ ತುರುಕಿದಳು. ಕಾರನ್ನು ಸುತ್ತಿ ಹೋಗಿ, ಆ ಕಡೆಯ ಬಾಗಿಲು ತೆರೆದು, ಮುಂದಿನ ಸೀಟಿನಲ್ಲಿ ಧಪ್ಪೆಂದು ಕುಳಿತಳು. ಇಷ್ಟು ವರ್ಷ ಸೀಟು ಹೊಲಿದವಳು ಕಾರಿನ ಮುಂದಿನ ಸೀಟಿನಲ್ಲಿ ಹೊರಡುವವಳ ಹಾಗೆ ಕುಳಿತದ್ದು ಅದೇ ಮೊದಲು. ಅವಳು ಓಡಾಡುತ್ತಿದ್ದದ್ದು ವಡಾಪದಲ್ಲಿ, ಇಲ್ಲವೆ ಗುರಪ್ಪನ ಹಿಂದೆ. ಬೆಲ್ಟನ್ನು ಹಿಡಿದು ಜಗ್ಗಿದಳು. ಅದು ಸರ್ರನೆ ಎದೆಯ ಮೇಲೆ ಬಂತು. ಅದರ ತುದಿಯ ನಾಲಗೆಯನ್ನು ರೇವಪ್ಪನ ಮುಖದ ಮುಂದೆ ಹಿಡಿದಳು.

"ಇದನ್ನ ಎಲ್ಲಿ ಸಿಗಸಲಿ? ತೋರಸ್ರಿ."

"ಅಲ್ಲೇ ಎಲ್ಲೋ ಐತಿ."

"ಎಲ್ಲೈತಿ? ಹುಡುಕ್ರಿ. ಕೈ ಹಾಕಿ ಹುಡುಕ್ರಿ ಕಾಕಾ. ನನ್ನ ಮಗಳು ಹುಡುಕಿದಂಗ ಹುಡುಕ್ರಿ."

ರೇವಪ್ಪ ಅವಳ ಮಾತಿಗೋ ಆ ದನಿಗೋ, ನಿಜವಾಗಿಯೇ ಹುಡುಕತೊಡಗಿದನು. ದಪ್ಪ ಬೆರಳುಗಳನ್ನು ಸೀಟಿನ ಅಂಚಿನಲ್ಲಿ ತುರುಕಿ ನೋಡಿದನು. ಕಂಬಳಿ ಬಿಡಲಿಲ್ಲ. ಮೇಲಿನಿಂದ ಒತ್ತಿ ನೋಡಿದನು. ಒಳಗೆ ಗಟ್ಟಿಯಾದದ್ದೇನೋ ಸಿಕ್ಕಿತು, ಆದರೆ ಅದರತ್ತ ದಾರಿಯಿಲ್ಲ. ಅವನ ಹಣೆಯ ಮೇಲೆ ಬೆವರು ಬಂತು. ಅವನು ಅಷ್ಟು ಹೊತ್ತು ಹುಡುಕುವುದನ್ನು ಕಾಳವ್ವ ಕಟ್ಟೆಯಿಂದ ಇಳಿದು ಬಂದು ನೋಡಿದಳು.

"ಆ ಸೀಟಿನ್ಯಾಗ ದಿನಾ ನಾ ಕುಂದ್ರತೀನಲ್ಲ" ಎಂದಳು ಕಾಳವ್ವ.

ರೇವಪ್ಪ ಕೈ ಹಿಂದಕ್ಕೆ ಎಳೆದನು. ಎಳೆಯುವಾಗ ಅವನ ಉಗುರು ಸೀಟಿನ ನಟ್ಟನಡುವೆ ಒಂದು ಒರಟು ದಾರಕ್ಕೆ ಸಿಕ್ಕಿಕೊಂಡಿತು. "ಹಾಳಾದ್ದು" ಎಂದು ಅವನು ಬಿಡಿಸಿಕೊಳ್ಳುವುದರೊಳಗೆ ಮಲಕವ್ವ ಅವನ ಮಣಿಕಟ್ಟು ಹಿಡಿದಳು.

ಕಂಬಳಿಯನ್ನು ಮಗ್ಗದಲ್ಲಿ ಒಂದೇ ಅಗಲಕ್ಕೆ ನೇಯುವುದಿಲ್ಲ. ಎರಡು ಕಿರಿದಾದ ಪಟ್ಟಿಗಳನ್ನು ನೇಯ್ದು, ನಡುವೆ ಉಣ್ಣೆಯ ದಾರದಿಂದ ಕೂಡಿಸಿ ಹೊಲಿಯುತ್ತಾರೆ. ಅದು ಆ ಕಡೆಯ ಕೂಸಿಗೂ ಗೊತ್ತು. ಮಲಕವ್ವನಿಗೂ ಗೊತ್ತಿತ್ತು. ಗೊತ್ತಿದ್ದುದನ್ನು ಅವಳು ಹದಿನಾಲ್ಕು ಸಲ ಸೀಟಿನ ನಡುಮಧ್ಯಕ್ಕೆ ಬರುವಂತೆ ಅಂದವಾಗಿ ಕೂಡಿಸಿದ್ದಳು, ಎರಡೂ ಕಡೆ ಸಮ ಕಾಣಲೆಂದು. ಆ ಕೂಡುಹೊಲಿಗೆಯನ್ನು ಒಂದು ಗೇಣು ಪಕ್ಕಕ್ಕೆ ಸರಿಸಿದ್ದರೆ ಅದು ಲಾಕಿನ ಮೇಲೆಯೇ ಬರುತ್ತಿತ್ತು. ಅಲ್ಲಿ ನಾಲ್ಕು ಬೆರಳಿನಷ್ಟು ಹೊಲಿಗೆ ಬಿಚ್ಚಿದರೆ ಸಾಕಾಗಿತ್ತು. ಕತ್ತರಿಯೇ ಬೇಕಿರಲಿಲ್ಲ.

"ಏನಾತು?" ಎಂದನು ರೇವಪ್ಪ.

"ಕೆಳಗ ಇಳೀರಿ" ಎಂದಳು. ಅವಳ ದನಿ ಸಣ್ಣದಾಗಿತ್ತು. ಗುರಪ್ಪನಿಗೆ ಅವಳ ದೊಡ್ಡ ದನಿಯ ಅಭ್ಯಾಸವಿತ್ತು. ಈ ದನಿ ಕೇಳಿ ಅವನು ಎರಡು ಹೆಜ್ಜೆ ಹಿಂದಕ್ಕೆ ಸರಿದನು. "ಕತ್ತರಿ ಬ್ಯಾಡ. ಚೀಲದಾಗಿನ ದಬ್ಬಣ ಕೊಡು, ಕೆಂಪ ದಾರಾ ಕೊಡು."

"ದೇವರ ಕಂಬಳಿ..." ಎಂದು ರೇವಪ್ಪ ಮತ್ತೆ ಬಾಯಿ ತೆರೆದನು.

"ಕತ್ತರಿ ಹಚ್ಚೂದುಲ್ಲರಿ. ನೇದಾಂವ ತಾನ ಬಿಟ್ಟ ಸಂದ ಇದು. ಹೊಲದದ್ದನ್ನ ಬಿಚ್ಚೂದಕ್ಕ ಯಾವ ದೇವರ ಬ್ಯಾಡ ಅಂತಾನ? ಅಂದಿದ್ರ ಕರೀರಿ ಅವನ್ನ, ಅವನ ಜೋಡಿನೂ ಮಾತಾಡತೀನಿ."

ರೇವಪ್ಪ ಹೆಂಡತಿಯ ಮುಖ ನೋಡಿದನು. ಕಾಳವ್ವ ಅವನ ಮುಖ ನೋಡಲಿಲ್ಲ, ಸೀಟನ್ನೇ ನೋಡುತ್ತಿದ್ದಳು. ಅವನು ಧೋತರ ಎತ್ತಿಕೊಂಡು ಇಳಿದು ನಿಂತನು.

ಮಲಕವ್ವ ಟಾಕುಗಳನ್ನು ಬಿಚ್ಚಿ, ಕಂಬಳಿಯನ್ನು ಪಕ್ಕಕ್ಕೆ ಸರಿಸಿದಳು. ಮೂಲೆಯಲ್ಲಿ ಮತ್ತೆ ಬಿಗಿದಳು. ಲಾಕಿನ ಮೇಲೆ ಬಂದ ಕೂಡುಹೊಲಿಗೆಯನ್ನು ನಾಲ್ಕು ಬೆರಳಿನಷ್ಟು ಬಿಚ್ಚಿ, ಎರಡೂ ಅಂಚುಗಳಿಗೆ ಕೆಂಪು ದಾರದಿಂದ ಕಾಜಿನ ಹೊಲಿಗೆ ಹಾಕಿದಳು. ಒಳಗಿನಿಂದ ಲಾಕು ತಲೆ ಹೊರಗೆ ಹಾಕಿತು. ಅದರ ಬಾಯಲ್ಲಿ ತುಕಾರಾಮನ ಕ್ಲಿಪ್ಪು ಇನ್ನೂ ಸಿಕ್ಕಿಕೊಂಡಿತ್ತು. ಅವಳು ಅದನ್ನು ಕಿತ್ತು, ಬೀದಿಯಾಚೆಗೆ ತಿಪ್ಪೆಯ ಮೇಲೆ ಬೀಸಿ ಒಗೆದಳು. ಮುಂದಿನ ಇನ್ನೊಂದು ಸೀಟಿಗೂ ಹಾಗೆಯೇ ಮಾಡಿದಳು. ಹಿಂದಿನ ಸೀಟಿನಲ್ಲಿ ಕೆಲಸ ಇನ್ನೂ ಸಲೀಸಾಯಿತು. ಅಲ್ಲಿ ಕಂಬಳಿಯನ್ನು ಅಡ್ಡ ಹಾಸಿದ್ದರಿಂದ ಕೂಡುಹೊಲಿಗೆಯನ್ನು ಬೆನ್ನು ಆನಿಸುವ ಸಂದಿಗೆ ಇಳಿಸಿದಳು. ಎರಡು ಕಡೆ ಬಿಚ್ಚಿದ್ದು ಯಾರಿಗೂ ಕಾಣಿಸಲೂ ಇಲ್ಲ.

"ಅಯ್ಯ, ಮೊದಲಕಿಂತ ಚಂದ ಕಾಣಾಕತ್ತೈತಲ್ಲ. ಕೆಂಪ ಕಣ್ಣ ಬಿಟ್ಟಂಗ ಐತಿ" ಎಂದಳು ಕಾಳವ್ವ.

ಆ ಹೊಗಳಿಕೆಗೆ ಮಲಕವ್ವ ಮೆತ್ತಗಾಗುವಳೆಂದು ಗುರಪ್ಪ ತಿಳಿದಿದ್ದನು. ಅವಳು ಇನ್ನಷ್ಟು ಕೆರಳಿದಳು. ದಬ್ಬಣವನ್ನು ಸೀಟಿಗೆ ಚುಚ್ಚಿ, "ಚಂದ ಕಾಣತೈತಿ. ಹೌದು! ಚಂದಕ್ಕೂ ಕೊರತಿ ಆಗಲಿಲ್ಲ, ಜೀವಕ್ಕೂ ಕೊರತಿ ಆಗಲಿಲ್ಲ, ದೇವರಿಗೂ ಸಿಟ್ಟ ಬರಲಿಲ್ಲ. ಒಂದ ತಾಸಿನ ಕೆಲಸ! ನಾಕ ವರ್ಷದಾಗ ಒಂದ ದಿನಾ, ಒಂದಽ ದಿನಾ, ಈ ತಲ್ಯಾಗ ಹೊಳೀಲಿಲ್ಲ. ಯಾರಾರ ಇದರಾಗ ಕುಂತ ಹೋಗೋರು ಅದಾರ ಅಂತ ನೋಡೇ ಇಲ್ಲ ನಾನು. ಅಂಚ ನೋಡಿದ್ನಿ, ಮಡಿಕಿ ನೋಡಿದ್ನಿ. ನನ್ನ ಮಗಳ ಹಲ್ಲ ಹೋದ ಮ್ಯಾಲ ಹೊಳೀತು" ಎಂದಳು. ತನ್ನ ಮುಖವನ್ನು ಯಾರೂ ನೋಡಬಾರದೆಂದು ಸೀಟಿನ ಕಡೆಗೆ ತಿರುಗಿ, ಸರಿಯಿದ್ದ ಗಂಟನ್ನೇ ಮತ್ತೊಮ್ಮೆ ಬಿಗಿದಳು.

ರೇವಪ್ಪ ಮೊಬೈಲು ತೆಗೆದು ದತ್ತಾನಿಗೆ ಹಚ್ಚಿದನು. "ದತ್ತಾ, ಗಾಡಿ ತಗೊಂಡ ಲಗೂನ ಮಲಕವ್ವನ ದುಕಾನಕ್ಕ ಬಾ. ಹೂಂ, ನಂದು ಆತು. ಕತ್ತರಿ ಇಲ್ಲಪಾ, ಕತ್ತರಿ ಇಲ್ಲ. ಉಳದವ್ರಿಗೂ ಹೇಳು. ಬರದಾಂವಗ ನನ್ನ ಕಟ್ಟಿ ಮ್ಯಾಲ ಜಾಗಾ ಇಲ್ಲಂತ ಹೇಳು" ಎಂದನು. ಫೋನು ಇಟ್ಟು, ತನ್ನ ಹಿರಿತನ ತುಸು ಮರಳಿ ಬಂದಿತೆನ್ನಿಸಿತೋ ಏನೋ, ಮೀಸೆ ಸವರಿ ಕಾರಿನಲ್ಲಿ ಕುಳಿತು, "ಆತಲ್ಲವಾ? ಇನ್ನ ಲಗ್ನಕ್ಕ ಹೋಗಲ್ಯಾ?" ಎಂದು ಚಾಲೂ ಮಾಡಿದನು.

ಕಾರು ನಾಲ್ಕು ವರ್ಷಗಳ ನಂತರ ಟಿಂವ್ ಟಿಂವ್ ಎಂದು ಒದರತೊಡಗಿತು.

"ಹಾಕ್ರಿ" ಎಂದಳು ಮಲಕವ್ವ, ಬಾಗಿಲನ್ನು ಹಿಡಿದುಕೊಂಡೇ.

"ಊರ ದಾಟಿದ ಮ್ಯಾಲ ಹಾಕ್ತೀನಿ."

"ಊರಾಗಿನ ಕಾಲವಿ ಮೆತ್ತಗ ಇರತಾವೇನು?"

ರೇವಪ್ಪ ಬೆಲ್ಟನ್ನು ಹೊಟ್ಟೆಯ ಮೇಲಿನಿಂದ ಜಗ್ಗಿದನು. ಧೋತರದ ಚುಂಗು ಸಿಕ್ಕಿಕೊಂಡಿತು, ಬಿಡಿಸಿಕೊಂಡನು. ಬೆರಳು ತಾನಾಗಿಯೇ ಕೆಂಪು ಅಂಚನ್ನು ಮುಟ್ಟಿತು. ಟಕ್ಕೆಂದಿತು. ಮಗ್ಗುಲಲ್ಲಿ ಕಾಳವ್ವ ತನ್ನದನ್ನು ಹಾಕಿಕೊಂಡು ಆಗಲೇ ಕೈಕಟ್ಟಿ ಕುಳಿತಿದ್ದಳು. ಕಾರು ಸುಮ್ಮನಾಯಿತು.

ರೇವಪ್ಪನಿಗೆ ಸೋಲನ್ನು ಹಾಗೆಯೇ ಒಪ್ಪಿಕೊಂಡು ಹೋಗುವುದು ಸಾಧ್ಯವಾಗಲಿಲ್ಲ. ಗಾಜು ಇಳಿಸಿ, "ನನಗ ಇಷ್ಟ ಹೇಳ್ತಿ. ನಿನ್ನ ಗಂಡನ ತಲಿ ಮ್ಯಾಲ ಏನೈತಿ ನೋಡು, ಬರೇ ಪಟಕಾ" ಎಂದನು.

ಮಲಕವ್ವ ಹೊರಳಿ ನೋಡಿದಳು. ಗುರಪ್ಪ ಮೋಟರ್ ಸೈಕಲ್ಲಿನ ಮೇಲೆ ಬಿಳಿಯ ಪಟಕಾ ಸುತ್ತಿಕೊಂಡು, ಯಾವ ಅಪರಾಧವನ್ನೂ ಅರಿಯದವನಂತೆ ಕುಳಿತಿದ್ದನು. ಅವಳು ತನ್ನ ಬರಿಯ ತಲೆಯನ್ನೂ ಒಮ್ಮೆ ಮುಟ್ಟಿ ನೋಡಿಕೊಂಡಳು. ಕಾರಿನ ಬಾಗಿಲನ್ನು ಗಾಜು ಅದುರುವಂತೆ ಹಾಕಿ, ದಬ್ಬಣ ದಾರಗಳನ್ನು ಚೀಲಕ್ಕೆ ತುರುಕಿ, ದಡದಡ ನಡೆದು ಬಂದಳು.

"ಜತ್ತ ಮುಟ್ಟಿದ ಕೂಡಲೇ ಎರಡ ಹೆಲ್ಮೆಟ್ಟ ತಗೋತಿ. ಇಲ್ಲಂದ್ರ ನಾಳಿಂದ ಕುರಿ ಹಿಂದ ನಡಕೊಂಡ ಹೋಗ್ತಿ."

"ಪಟಕಾದ ಮ್ಯಾಲ ಕೂಡತೈತೇನ ಅದು?"

"ಪಟಕಾ ಬಿಚ್ಚು. ಇಲ್ಲಾ ತಲಿ ಬಿಚ್ಚು. ಒಂದ ಏನಾರ ಮಾಡು."

ಗುರಪ್ಪ ಗಾಡಿ ಚಾಲೂ ಮಾಡಿದನು. ಸ್ವಲ್ಪ ದೂರ ಹೋದ ಮೇಲೆ, ಈಗ ಕೇಳಿದರೆ ನಡೆದೀತೆಂದು, "ಸಿಟ್ಟ ಇಳೀತೇನ?" ಎಂದು ಕೇಳಿದನು.

"ಇನ್ನೂ ಹನ್ನೆರಡ ಗಾಡಿ ಅದಾವ" ಎಂದಳು ಮಲಕವ್ವ. "ಮೆತ್ತಗ ಹೊಡಿ, ಆದರ ಲಗೂನ ಹೊಡಿ."